ಬರಗೂರು ಸೀಮೆಯ ಕಲ್ಲೂ ಭೂಗರ್ಭಶಾಸ್ತ್ರದ ಮೊದಲ ಪಾಠವೂ

ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿಗೆ ಸೇರಿದ ಬರಗೂರಿನ ಸುತ್ತಣ ನೆಲವು ಮಳೆ ಕಡಿಮೆಯಾದ, ಕಲ್ಲು ಹೆಚ್ಚಾದ ನೆಲ. ಊರಿಗೆ ಆಗ್ನೇಯದಲ್ಲಿ ಮಧುಗಿರಿಯ ಏಕಶಿಲೆಯೂ ಈಶಾನ್ಯದ ಕಡೆಗೆ ಪಾವಗಡದ ದುರ್ಗವೂ ನಿಂತಿವೆ. ನೈಋತ್ಯಕ್ಕೆ ಚಿಕ್ಕನಾಯಕನಹಳ್ಳಿಯ ಗುಡ್ಡಗಳು, ವಾಯವ್ಯಕ್ಕೆ ಚಿತ್ರದುರ್ಗ ಸೀಮೆಯ ಬೆಟ್ಟಸಾಲು. ಇವುಗಳ ನಡುವಣ ಬಯಲಿನಲ್ಲಿ ಹುಟ್ಟಿ ಬೆಳೆದವನಿಗೆ ಕಲ್ಲೆಂದರೆ ಮನೆಯ ಗೋಡೆ, ಹಟ್ಟಿಯ ಕಂಬ, ಒರಳು, ಕೆರೆಯ ತೂಬು. ಆ ಕಲ್ಲಿಗೂ ಒಂದು ಚರಿತ್ರೆಯುಂಟೆಂಬುದನ್ನು ವ್ಯವಸ್ಥಿತವಾದ ಪಾಠವಾಗಿ ಕೇಳುವ ಅನುಕೂಲ ಈ ಕಡೆಯ ಹುಡುಗರಿಗೆ ಒದಗಿದುದು ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದ ಮೇಲೆ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಆ ಮೊದಲ ಪಾಠದಲ್ಲಿ ಈ ಸೀಮೆಗೆ ಎಷ್ಟು ಸ್ಥಳ ದೊರೆಯಿತೆಂಬುದು ವಿಚಾರಿಸತಕ್ಕ ವಿಷಯವಾಗಿದೆ.

ಸೆಂಟ್ರಲ್ ಕಾಲೇಜು 1858ರಲ್ಲಿ ಹೈಸ್ಕೂಲಾಗಿ ಆರಂಭವಾಗಿ, ಬಹುಕಾಲ ಮದರಾಸು ವಿಶ್ವವಿದ್ಯಾನಿಲಯಕ್ಕೆ ಅಧೀನವಾಗಿದ್ದಿತು. 1916ನೆಯ ಜುಲೈ 27ರಂದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿಗೆ ತನ್ನದೇ ವಿಶ್ವವಿದ್ಯಾನಿಲಯವುಂಟಾದಾಗ ವಿಜ್ಞಾನದ ಶಿಕ್ಷಣಕ್ಕೆ ಈ ಕಾಲೇಜೇ ನೆಲೆಯಾಯಿತು. ಭೂಗರ್ಭಶಾಸ್ತ್ರದ ವಿದ್ಯಾರ್ಥಿಗೆ ಮೊದಲು ಹೇಳಿಕೊಡುತ್ತಿದ್ದುದು ಖನಿಜಗಳ ಪರಿಚಯ. ತಟ್ಟೆಯಲ್ಲಿ ಚೂರುಗಳನ್ನಿಟ್ಟು ಬಣ್ಣ, ಹೊಳಪು, ಸೀಳುವ ರೀತಿ, ಗಡಸು ಇವುಗಳಿಂದ ಒಂದೊಂದನ್ನೂ ಗುರುತಿಸಬೇಕು. ಗಡಸಿಗೆ ಜರ್ಮನಿಯ ಫ್ರೀಡ್ರಿಕ್ ಮೋಸ್ ಎಂಬವನು 1812ರಲ್ಲಿ ಏರ್ಪಡಿಸಿದ ಹತ್ತು ಮೆಟ್ಟಿಲ ಅಳತೆಯುಂಟು. ಅದರ ಮೊದಲನೆಯ ಮೆಟ್ಟಿಲಿನದು ಉಗುರಿಗೂ ಸವೆಯುವ ಟಾಲ್ಕ್; ಏಳನೆಯದು ಬೆಣಚುಕಲ್ಲು; ಹತ್ತನೆಯದು ವಜ್ರ. ಹಳ್ಳಿಯ ಹುಡುಗನಿಗೆ ಇದರಲ್ಲಿ ಹೊಸತೇನು? ಹಲಗೆಯ ಮೇಲೆ ತೀಡಿ ಅಕ್ಷರ ಕಲಿತ ಬಳಪವೇ ಆ ಮೊದಲನೆಯ ಮೆಟ್ಟಿಲು. ಚಕಮಕಿಯಲ್ಲಿ ಕಿಡಿ ಹಾರಿಸುತ್ತಿದ್ದುದು ಬೆಣಚು. ಹೊಲದಲ್ಲಿ ಮಿನುಗಿ ಮಕ್ಕಳನ್ನು ಮರುಳುಗೊಳಿಸುವ ಕಾಗೆಬಂಗಾರವೇ ಅಭ್ರಕ. ಕಲ್ಲುಕುಟಿಗನು ಉಳಿಯ ಶಬ್ದದಿಂದಲೇ ಅರಿತಿದ್ದುದಕ್ಕೆ ಕಾಲೇಜು ಒಂದು ಸಂಖ್ಯೆಯನ್ನು ಕೊಟ್ಟಿತು. ಬರಗೂರಿಗೆ ದೂರವಲ್ಲದ ಹೇಮಾವತಿಯಲ್ಲಿ ನೊಳಂಬರ ಕಾಲದ ಶಿಲ್ಪಿಗಳು ಮೆರುಗು ಹಿಡಿಯುವ ಕರಿಕಲ್ಲನ್ನು ಆರಿಸಿ ಕಂಬ ಕಡೆದುದನ್ನು ಕಂಡವರು, ಆರಿಸುವ ವಿದ್ಯೆ ಇಲ್ಲಿ ಹಳೆಯದೆಂಬುದನ್ನು ಒಪ್ಪದಿರಲಾರರು.

ತೊಡಕು ಬಂದುದು ಎರಡನೆಯ ಭಾಗದಲ್ಲಿ, ಎಂದರೆ ಭೂಮಿಯ ಚರಿತ್ರೆಯನ್ನು ಹೇಳುವಲ್ಲಿ. ಆ ಕಾಲದ ಇಂಗ್ಲಿಷು ಪಠ್ಯಪುಸ್ತಕಗಳು ಇಂಗ್ಲೆಂಡಿನ ನೆಲವನ್ನು ನೋಡಿ ಬರೆದವು. ಕೇಂಬ್ರಿಯನ್ ಎಂಬುದು ವೇಲ್ಸಿನ ಹಳೆಯ ಹೆಸರಿನಿಂದ ಬಂದುದು. ಸೈಲೂರಿಯನ್ ಎಂಬುದು ಅಲ್ಲಿಯ ಒಂದು ಪ್ರಾಚೀನ ಜನಾಂಗದ ಹೆಸರು. ಡೆವೋನಿಯನ್ ಎಂಬುದು ಡೆವನ್ ಪ್ರಾಂತದ ಹೆಸರು. ಪದರದ ಮೇಲೆ ಪದರವಾಗಿ ಕುಳಿತ ಸುಣ್ಣಕಲ್ಲು, ಸೀಮೆಸುಣ್ಣ, ಕಲ್ಲಿದ್ದಲು, ಅವುಗಳೊಳಗೆ ಹುದುಗಿದ ಚಿಪ್ಪು ಎಲುಬುಗಳ ಪಳೆಯುಳಿಕೆಗಳು, ಇವುಗಳಿಂದಲೇ ಕಾಲನಿರ್ಣಯ. ಇವೊಂದೂ ಹಳೆಯ ಮೈಸೂರು ಸೀಮೆಯಲ್ಲಿ ಇಲ್ಲ. ಇಲ್ಲಿಯ ಶಿಲೆಗಳೆಲ್ಲವೂ, ಸ್ವಲ್ಪ ಭಾಗವನ್ನು ಬಿಟ್ಟರೆ, ಪುಸ್ತಕದ ಚರಿತ್ರೆ ಆರಂಭವಾಗುವುದಕ್ಕೆ ಎಷ್ಟೋ ಮುಂಚಿನವು. ಪುಸ್ತಕದಲ್ಲಿ ಆ ಯುಗಕ್ಕೆ ಕೆಲವೇ ಪುಟಗಳು. ವಿದ್ಯಾರ್ಥಿಯು ನೂರಾರು ಪುಟಗಳಲ್ಲಿ ತಾನು ಕಾಣದ ನೆಲವನ್ನು ಕಂಠಪಾಠ ಮಾಡಿ, ತನ್ನ ಕಾಲ ಕೆಳಗಿನದನ್ನು ಒಂದೆರಡು ದಿನಗಳಲ್ಲಿ ಮುಗಿಸಬೇಕಾಗಿದ್ದಿತು. ಜಮ್ಮುವಿನ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಡಿ. ಎನ್. ವಾಡಿಯಾ ಅವರು ಭಾರತದ ಭೂಗರ್ಭವನ್ನು ಕುರಿತು ವಿದ್ಯಾರ್ಥಿಗಳಿಗಾಗಿ ಬರೆದ ಗ್ರಂಥ 1919ರಲ್ಲಿ ಪ್ರಕಟವಾದ ಮೇಲೆ ಈ ಕೊರತೆ ತಕ್ಕಮಟ್ಟಿಗೆ ನೀಗಿತು.

ಮೈಸೂರಿನ ನೆಲವನ್ನು ಓದುವ ಕಾರ್ಯವಾದರೋ ಕಾಲೇಜಿಗಿಂತ ಮೊದಲೇ ಸರಕಾರದ ಇಲಾಖೆಯಲ್ಲಿ ಆರಂಭವಾಗಿದ್ದಿತು. ಚೆನ್ನೈಯ ಬಳಿಯ ಪಲ್ಲಾವರದಲ್ಲಿ 1863ರಲ್ಲಿ ಶಿಲಾಯುಗದ ಆಯುಧವನ್ನು ಕಂಡುಹಿಡಿದು ಪ್ರಸಿದ್ಧನಾದ ರಾಬರ್ಟ್ ಬ್ರೂಸ್ ಫೂಟನು ಭಾರತದ ಭೂಗರ್ಭ ಇಲಾಖೆಯಿಂದ ನಿವೃತ್ತನಾದ ಬಳಿಕ, 1894ರಲ್ಲಿ ಮೈಸೂರು ಭೂಗರ್ಭ ಇಲಾಖೆಯನ್ನು ಕಟ್ಟಿದನು. ಚಿನ್ನವನ್ನೂ ಕಬ್ಬಿಣವನ್ನೂ ಒಳಗೊಂಡ ಇಲ್ಲಿಯ ಪದರಗಲ್ಲುಗಳಿಗೆ 1880ರ ದಶಕದಲ್ಲಿಯೇ ಧಾರವಾಡ ಶಿಲೆಗಳೆಂದು ಹೆಸರಿಟ್ಟವನೂ ಅವನೇ. ಚಿಕ್ಕನಾಯಕನಹಳ್ಳಿಯ ಗುಡ್ಡಗಳು ಆ ವರ್ಗಕ್ಕೆ ಸೇರಿದವು. ಅವನ ತರುವಾಯದಲ್ಲಿ ಇಲಾಖೆಯ ಮುಖ್ಯನಾದ ಸ್ಮೀತ್ ಎಂಬವನು 1916ರಲ್ಲಿ, ಎಂದರೆ ವಿಶ್ವವಿದ್ಯಾನಿಲಯವು ಹುಟ್ಟಿದ ವರ್ಷದಲ್ಲಿಯೇ, ಮೈಸೂರಿನ ಭೂಚರಿತ್ರೆಯ ಒಂದು ಸಂಗ್ರಹವನ್ನು ಪ್ರಕಟಿಸಿದನು. ಬಯಲಿನ ಪಟ್ಟೆಪಟ್ಟೆಯ ಕಲ್ಲಿಗೆ ಪೆನಿನ್ಸುಲರ್ ನೈಸ್ ಎಂದೂ, ಅದರ ನಡುವೆ ಉತ್ತರ ದಕ್ಷಿಣವಾಗಿ ಹಾದುಹೋಗುವ ಗ್ರಾನೈಟಿನ ಪಟ್ಟಿಗೆ ಕ್ಲೋಸ್‌ಪೇಟೆ ಗ್ರಾನೈಟ್ ಎಂದೂ ಹೆಸರುಗಳು ನಿಂತವು. ಕ್ಲೋಸ್‌ಪೇಟೆಯೆಂದರೆ ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರು ಹೊತ್ತು ಆಮೇಲೆ ರಾಮನಗರವಾದ ಪಟ್ಟಣ. ಊರಿಗೆ ಹೆಸರು ಬದಲಾಯಿತು, ಕಲ್ಲಿಗೆ ಬದಲಾಗಲಿಲ್ಲ. ರಾಮನಗರದಿಂದ ಸಾವನದುರ್ಗ, ಶಿವಗಂಗೆಗಳ ಮೂಲಕ ಮಧುಗಿರಿ, ಪಾವಗಡಗಳನ್ನು ಹಾದು ಬಳ್ಳಾರಿಯ ಕಡೆಗೆ ಸಾಗುವ ಈ ಪಟ್ಟಿಯ ಹರಹಿನಲ್ಲಿಯೇ, ಸಮುದ್ರಮಟ್ಟದಿಂದ ಸುಮಾರು 3900 ಅಡಿ ಎತ್ತರದ ಮಧುಗಿರಿ ದುರ್ಗವು ನಿಂತಿದೆ.

ಇಲ್ಲಿ ಒಂದು ವಿವಾದವನ್ನು ಹೇಳದೆ ಬಿಡುವಂತಿಲ್ಲ. ಧಾರವಾಡ ಶಿಲೆಗಳೆಲ್ಲವೂ ಅಗ್ನಿಜನ್ಯವೆಂದು ಸ್ಮೀತನ ಮತ. ಗುಂಡುಗಲ್ಲುಗಳು ಬೆಸೆದಂತಿರುವ ಶಿಲೆಗಳನ್ನು ಕೂಡ ಅವನು ನೀರಿನಲ್ಲಿ ಉರುಳಿ ಕೂಡಿಕೊಂಡವೆಂದು ಒಪ್ಪದೆ, ಒತ್ತಡದಿಂದ ನುಜ್ಜಾದವೆಂದನು. ಇಲಾಖೆಯ ಅಧಿಕಾರವಾಣಿಯಾಗಿದ್ದುದರಿಂದ ಈ ಮತಕ್ಕೆ ಬಹಳ ವರ್ಷ ಬಲವಿದ್ದಿತು. ಮುಂದೆ ಬಿ. ರಾಮರಾವ್, ಸಿ. ಎಸ್. ಪಿಚಮುತ್ತು ಮೊದಲಾದವರು ಬೆಟ್ಟ ಬೆಟ್ಟ ಅಲೆದು, ನೀರಿನ ಅಲೆಗಳು ಮರಳಿನ ಮೇಲೆ ಬಿಟ್ಟ ಗುರುತುಗಳನ್ನು ಬೆಣಚು ಶಿಲೆಗಳ ಮೇಲೆ ತೋರಿಸಿದರು. ಮೈಸೂರಿನ ಪ್ರಾಚೀನ ಶಿಲೆಗಳನ್ನು ಕುರಿತ ಬಿ. ರಾಮರಾಯರ ದೊಡ್ಡ ಬರಹ 1940ರಲ್ಲಿ ಬಂದಿತು. ಈ ಒಣನೆಲದಲ್ಲಿಯೂ ಒಂದು ಕಾಲದಲ್ಲಿ ನೀರು ನಿಂತು ಮರಳನ್ನು ಪದರಗೊಳಿಸಿದ್ದಿತೆಂದು ತಿಳಿದುಬಂದುದು ಹೀಗೆ. ಗುರುವಿನ ಮಾತಿಗಿಂತ ಬಂಡೆಯ ಸಾಕ್ಷ್ಯವೇ ಹೆಚ್ಚೆಂಬುದು ಆ ತಲೆಮಾರಿನ ವಿದ್ಯಾರ್ಥಿಗಳಿಗೆ ಪುಸ್ತಕದಿಂದಲ್ಲ, ಕಣ್ಣೆದುರಿನ ಈ ನಿದರ್ಶನದಿಂದ ಮನದಟ್ಟಾಗಿರಬೇಕು.

ಸೆಂಟ್ರಲ್ ಕಾಲೇಜಿನಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದ ಎಲ್. ರಾಮರಾಯರ ಸ್ವಂತ ಸಂಶೋಧನೆಯೋ ಪಳೆಯುಳಿಕೆಗಳಲ್ಲಿ. ಪಳೆಯುಳಿಕೆಯಿಲ್ಲದ ನಾಡಿನ ಗುರುವು ಅದಕ್ಕಾಗಿ ತಿರುಚಿರಾಪಳ್ಳಿ ಜಿಲ್ಲೆಯ ಸುಣ್ಣಕಲ್ಲನ್ನು ಆಶ್ರಯಿಸಬೇಕಾಯಿತು. ಅಲ್ಲಿಯ ಪ್ರಾಚೀನ ಪಾಚಿಗಳನ್ನು ಕುರಿತು ಆಸ್ಟ್ರಿಯದ ಯೂಲಿಯಸ್ ಪಿಯಾ ಎಂಬವರೊಡನೆ ಅವರು ಬರೆದ ಪ್ರಬಂಧ 1936ರದು. ನೈಸ್ ಶಿಲೆಯನ್ನು ತೋರಿಸುವುದಕ್ಕಾದರೆ ಇಷ್ಟು ದೂರ ಹೋಗಬೇಕಾದುದಿಲ್ಲ, ಲಾಲ್‌ಬಾಗಿನಲ್ಲಿ ಕೆಂಪೇಗೌಡನ ಗೋಪುರವಿರುವ ಬಂಡೆಯೇ ಸಾಕು. ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದೆಂದು ಗಣಿಸಲಾದ ಆ ಬಂಡೆಯು ಆಮೇಲೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆನಿಸಿತು. ಕ್ಲೋಸ್‌ಪೇಟೆ ಗ್ರಾನೈಟಿನ ವಯಸ್ಸು ಸುಮಾರು ಇನ್ನೂರೈವತ್ತು ಕೋಟಿ ವರ್ಷ.

ಪಾಠವೆಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಶಾಸ್ತ್ರವನ್ನು ಹೇಳಬೇಕೆಂಬ ಹಂಬಲವು ಅದೇ ಕಾಲೇಜಿನಲ್ಲಿ ಮೂಡಿದುದು ಈ ಜಿಲ್ಲೆಗೆ ಹೆಮ್ಮೆಯ ಸಂಗತಿ. ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆಯ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿ "ವಿಜ್ಞಾನ" ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಅದು ಬಾಳಿದುದು ಎರಡೇ ವರ್ಷ. ತುಮಕೂರು ಜಿಲ್ಲೆಯ ಹಳ್ಳಿಯ ಹೆಸರನ್ನು ಹೊತ್ತವರು ಮಾಡಿದ ಆ ಯತ್ನವು ಇನ್ನೂ ಹತ್ತು ವರ್ಷ ನಡೆದಿದ್ದರೆ, ಗ್ರಾನೈಟಿಗೂ ನೈಸಿಗೂ ಕಲ್ಲುಕುಟಿಗರ ಬಾಯಿಂದ ಹೆಕ್ಕಿದ ಮಾತುಗಳು ದೊರೆಯುತ್ತಿದ್ದುವೋ ಏನೋ.

ಈ ಕಾಲೇಜಿನಲ್ಲಿ ಕಲಿತವರಲ್ಲಿ ಬಿ. ಪಿ. ರಾಧಾಕೃಷ್ಣರ ಹೆಸರು ಈ ಸೀಮೆಗೆ ವಿಶೇಷವಾಗಿ ಸಲ್ಲತಕ್ಕುದು. 1918ರಲ್ಲಿ ಹುಟ್ಟಿದ ಅವರು 1937ರಲ್ಲಿ ಆನರ್ಸ್ ಪದವಿ ಪಡೆದು ಅದೇ ವರ್ಷ ಇಲಾಖೆಗೆ ಸೇರಿ, ಕ್ಲೋಸ್‌ಪೇಟೆ ಗ್ರಾನೈಟನ್ನೇ ತಮ್ಮ ಪಿಎಚ್.ಡಿ. ಪ್ರಬಂಧದ ವಿಷಯವಾಗಿ ಆರಿಸಿಕೊಂಡರು. 1958ರಲ್ಲಿ ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ಭಾರತದ ಭೂವೈಜ್ಞಾನಿಕ ಸಂಘವು ಏರ್ಪಟ್ಟಾಗ ಅದನ್ನು ಬೆಳೆಸಿದವರಲ್ಲಿಯೂ ಅವರು ಮುಖ್ಯರು. ಚಿನ್ನ, ಕಬ್ಬಿಣಗಳ ಮಾತೇ ಪ್ರಧಾನವಾಗಿದ್ದ ಇಲಾಖೆಯಲ್ಲಿ ಅಂತರ್ಜಲದ ಶೋಧನೆಗೆ ಮಹತ್ವ ತಂದವರೂ ಅವರೇ.

ಬರಗೂರಿನ ಕಡೆಯ ರೈತನಿಗೆ ಬೇಕಾದುದು ಈ ಕೊನೆಯ ವಿದ್ಯೆಯೇ. ಗ್ರಾನೈಟಿನ ಮೈಯೊಳಗೆ ನೀರು ನಿಲ್ಲುವುದಿಲ್ಲ. ಮೇಲ್ಗಡೆ ಶಿಥಿಲವಾದ ಪದರದಲ್ಲಿಯೂ ಕೆಳಗಣ ಬಿರುಕುಗಳಲ್ಲಿಯೂ ನಿಲ್ಲುವುದು. ತೆರೆದ ಬಾವಿಯು ಮೇಲಿನ ಪದರದ ನೀರನ್ನು ಕುಡಿಸುತ್ತಿದ್ದಿತು. ಅದು ಬತ್ತಿದ ಮೇಲೆ ಕೊಳವೆಬಾವಿಯು ಬಿರುಕನ್ನು ಅರಸಿ ನೂರಾರು ಅಡಿ ಇಳಿಯಿತು. ಅಲ್ಲಿ ನೀರು ಬಹುಕಾಲ ಕಲ್ಲಿಗೆ ತಾಗಿಕೊಂಡೇ ಇರುವುದರಿಂದ ಕರಿಯ ಅಭ್ರಕ, ಅಪಟೈಟ್ ಮೊದಲಾದ ಖನಿಜಗಳಲ್ಲಿರುವ ಫ್ಲೋರೈಡು ಅದಕ್ಕೆ ಬೆರೆಯುತ್ತದೆ. ಇದರಿಂದಾಗುವ ರೋಗವನ್ನು ಭಾರತದಲ್ಲಿ ಮೊದಲು ಗುರುತಿಸಿದುದು 1937ರಲ್ಲಿ, ನೆಲ್ಲೂರು ಜಿಲ್ಲೆಯಲ್ಲಿ. ಕುಡಿಯುವ ನೀರಿಗೆ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯಿದೆ. ಪಾವಗಡ, ಶಿರಾ, ಮಧುಗಿರಿ ತಾಲ್ಲೂಕುಗಳ ಎಷ್ಟೋ ಕೊಳವೆಬಾವಿಗಳಲ್ಲಿ ಅದು ಮೀರಿರುವುದು ಕಂಡುಬಂದಿದೆ. ಮೊದಲ ವರ್ಷದ ವಿದ್ಯಾರ್ಥಿಗೆ ತಟ್ಟೆಯಲ್ಲಿಟ್ಟು ತೋರಿಸುವ ಆ ಅಭ್ರಕದ ಕರಿಚೂರನ್ನು ಇಲ್ಲಿಯ ಮಕ್ಕಳ ಹಲ್ಲಿನ ಕಂದು ಕಲೆಯ ಜೊತೆಗೆ ಸೇರಿಸಿ ಹೇಳಿಕೊಡುವ ಪಾಠವು ಯಾವ ಇಂಗ್ಲಿಷು ಪುಸ್ತಕದಲ್ಲಿಯೂ ಆಗ ಇರಲಿಲ್ಲ.