ಹರಿಶ್ಚಂದ್ರ ಘಾಟ್‌ನ ಬೀದಿ ಬೆಕ್ಕು ಯಾವ ತಳಿ? ಬಣ್ಣ ನೋಡಿ ಹೇಳಬಹುದೇ?

ಕಾಶಿಯ ಹರಿಶ್ಚಂದ್ರ ಘಾಟ್ ಕನ್ನಡಿಗರಿಗೆ ಹೊಸದಲ್ಲ. ರಾಘವಾಂಕನ ಕಾವ್ಯದಿಂದ ಬಂದ ಪರಿಚಯ ಒಂದಾದರೆ, ಅದರ ಪಕ್ಕದಲ್ಲೇ ಕರ್ನಾಟಕ ಘಾಟ್ ಇರುವುದು ಇನ್ನೊಂದು. ಇಲ್ಲಿನ ಇಕ್ಕಟ್ಟಾದ ಗಲ್ಲಿಗಳಿಂದಾಗಲಿ, ನಮ್ಮೂರಿನ ಬೀದಿಯಿಂದಾಗಲಿ ಬೆಕ್ಕಿನ ಮರಿಯೊಂದನ್ನು ಮನೆಗೆ ತಂದವರಿಗೆ ಎದುರಾಗುವ ಮೊದಲ ಪ್ರಶ್ನೆ: ಇದು ಯಾವ ತಳಿ? ನೀಲಿ ಕಣ್ಣಿದ್ದರೆ ಸಯಾಮೀಸ್, ಉದ್ದ ಕೂದಲಿದ್ದರೆ ಪರ್ಷಿಯನ್, ಚುಕ್ಕೆಯಿದ್ದರೆ ಬೆಂಗಾಲ್ ಎಂದು ಅಕ್ಕಪಕ್ಕದವರೇ ತೀರ್ಪು ಕೊಟ್ಟುಬಿಡುತ್ತಾರೆ. ಇವುಗಳಲ್ಲಿ ಹೆಚ್ಚಿನವು ತಪ್ಪು ಊಹೆಗಳೇ.

ನಾಯಿಯ ಲೆಕ್ಕ ಬೆಕ್ಕಿಗೆ ಹೊಂದದು

ಬೇಟೆ, ಕಾವಲು, ಕುರಿ ಕಾಯುವುದು ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಬಗೆಯ ನಾಯಿಯನ್ನು ಮನುಷ್ಯ ಬೆಳೆಸಿದ. ಬೆಕ್ಕಿಗೆ ಇದ್ದದ್ದು ಇಲಿ ಹಿಡಿಯುವ ಕೆಲಸ ಮಾತ್ರ, ಅದನ್ನು ಯಾರೂ ಕಲಿಸಬೇಕಿರಲಿಲ್ಲ. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಜತೆ ಹೂಳಿದ್ದ ಬೆಕ್ಕಿನ ಅಸ್ಥಿಪಂಜರಕ್ಕೆ ಸುಮಾರು 9,500 ವರ್ಷ. ಆದರೆ ತಳಿಗಳ ಪ್ರದರ್ಶನಕ್ಕೆ ನಾಂದಿಯಾದದ್ದು 1871ರಲ್ಲಿ, ಹ್ಯಾರಿಸನ್ ವೀರ್ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ನಡೆಸಿದ ಸ್ಪರ್ಧೆಯಿಂದ. ಅಂದರೆ ಬೀದಿ ಬೆಕ್ಕು ತಳಿಗಳ ಮಿಶ್ರಣವಲ್ಲ. ತಳಿಗಳೇ ಬೀದಿ ಬೆಕ್ಕುಗಳಿಂದ ಹುಟ್ಟಿದವು. ಲಸಿಕೆ ಪುಸ್ತಕದಲ್ಲಿ ಪಶುವೈದ್ಯರು ಬರೆಯುವ 'ಡೊಮೆಸ್ಟಿಕ್ ಶಾರ್ಟ್‌ಹೇರ್' ಎಂಬುದೂ ತಳಿಯ ಹೆಸರಲ್ಲ, ಗಿಡ್ಡ ಕೂದಲಿನ ಸಾಕು ಬೆಕ್ಕು ಎಂದಷ್ಟೇ ಅರ್ಥ.

ಬಣ್ಣ ಏನು ಹೇಳುತ್ತದೆ?

ಹಣೆಯ ಮೇಲಿನ 'ಎಂ' ಆಕಾರದ ಗೆರೆ ಪಟ್ಟೆ ಬೆಕ್ಕುಗಳಿಗೆಲ್ಲ ಇರುತ್ತದೆ, ತಳಿ ಯಾವುದಾದರೂ ಸರಿ. ಕಿತ್ತಳೆ ಬಣ್ಣದ ಜೀನ್ ಎಕ್ಸ್ ಕ್ರೋಮೋಸೋಮ್‌ನಲ್ಲಿದೆ. ಹೀಗಾಗಿ ಕಪ್ಪು, ಕಿತ್ತಳೆ, ಬಿಳಿ ಮೂರೂ ಇರುವ ಬೆಕ್ಕು ಬಹುತೇಕ ಹೆಣ್ಣೇ. ಅದರಿಂದ ಲಿಂಗ ತಿಳಿದೀತು, ವಂಶವಲ್ಲ. ಇನ್ನು ಮರಿಗಳ ಕಣ್ಣು ಮೊದಲ ಕೆಲವು ವಾರ ನೀಲಿಯಾಗಿಯೇ ಇರುತ್ತದೆ, ಅದನ್ನು ನೋಡಿ ಸಯಾಮೀಸ್ ಎನ್ನುವುದು ಅವಸರ.

ಸಯಾಮೀಸ್ ಗುರುತು ಬೇರೆ: ಮೈ ತಿಳಿಬಣ್ಣ, ಮುಖ, ಕಿವಿ, ಪಾದ, ಬಾಲ ಗಾಢ. ಈ ಜೀನ್ ಇರುವ ಬೆಕ್ಕಿನಲ್ಲಿ ಬಣ್ಣ ತಯಾರಾಗುವುದು ದೇಹದ ತಂಪು ಭಾಗಗಳಲ್ಲಿ. ತಾಯಿಯ ಬೆಚ್ಚನೆಯ ಗರ್ಭದಿಂದ ಬರುವ ಮರಿ ಅದಕ್ಕೇ ಹೆಚ್ಚುಕಡಿಮೆ ಬಿಳಿಯಾಗಿರುತ್ತದೆ. ತಂದೆ ತಾಯಿ ಇಬ್ಬರಿಂದಲೂ ಜೀನ್ ಬಂದರೆ ಮಾತ್ರ ಇದು ಕಾಣಿಸುತ್ತದೆ. ಉದ್ದ ಕೂದಲಿಗೂ ಇದೇ ನಿಯಮ. ತಲೆಮಾರುಗಳ ಕಾಲ ಅಡಗಿದ್ದ ಜೀನ್ ಎರಡು ಸಾಧಾರಣ ಬೀದಿ ಬೆಕ್ಕುಗಳ ಮರಿಯಲ್ಲಿ ಹೊರಬರಬಹುದು. ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಯರೂ ಇರಬಹುದು!

ಪರ್ಷಿಯನ್ ಆಗಿದ್ದರೆ ಎಚ್ಚರ

ಊಹೆ ನಿಜಕ್ಕೂ ಮುಖ್ಯವಾಗುವುದು ಇಲ್ಲಿ. ಉದ್ದ ಕೂದಲಿನ ಜತೆಗೆ ಚಪ್ಪಟೆ ಮುಖ, ಗಿಡ್ಡ ಮೂಗು, ದಪ್ಪ ಮೋಟು ಕಾಲು ಇದ್ದರೆ ಪರ್ಷಿಯನ್ ರಕ್ತ ಇರುವ ಸಾಧ್ಯತೆ ಹೆಚ್ಚು. ಈ ತಳಿಯಲ್ಲಿ ಮೂತ್ರಪಿಂಡದಲ್ಲಿ ನೀರುಗುಳ್ಳೆ ಬೆಳೆಯುವ ಪಿಕೆಡಿ ಎಂಬ ಆನುವಂಶಿಕ ಕಾಯಿಲೆ ವ್ಯಾಪಕ. ಹಲವು ದೇಶಗಳ ಸಮೀಕ್ಷೆಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪರ್ಷಿಯನ್ ಬೆಕ್ಕುಗಳಲ್ಲಿ ಇದು ಕಂಡಿತ್ತು. ತಂದೆ ಅಥವಾ ತಾಯಿ ಒಬ್ಬರಿಂದ ಜೀನ್ ಬಂದರೂ ಸಾಕು, ಹಾಗಾಗಿ ಕಾಯಿಲೆಯಿರುವ ಬೆಕ್ಕಿನ ಮಿಶ್ರ ಮರಿಗೂ ಅರ್ಧಕ್ಕರ್ಧ ಅಪಾಯ. ಲಕ್ಷಣ ಕಾಣಿಸುವುದು ಸಾಮಾನ್ಯವಾಗಿ ನಡುವಯಸ್ಸಿನಲ್ಲಿ. ಹತ್ತು ತಿಂಗಳು ದಾಟಿದ ಮೇಲೆ ಮಾಡಿಸುವ ಅಲ್ಟ್ರಾಸೌಂಡ್‌ನಲ್ಲಿ ಗುಳ್ಳೆಗಳು ಬಹುತೇಕ ಪತ್ತೆಯಾಗುತ್ತವೆ. 2004ರಲ್ಲಿ ಇದರ ಜೀನ್ ದೋಷ ಗುರುತಿಸಿದ ಬಳಿಕ ಡಿಎನ್‌ಎ ಪರೀಕ್ಷೆಯೂ ಬಂದಿದೆ.

ತಳಿ ಹೇಳುವ ಡಿಎನ್‌ಎ ಪರೀಕ್ಷೆಯ ಮಾತು ಬೇರೆ. ಅದು ತೋರಿಸುವುದು ಯಾವ ತಳಿಗೆ ಹೋಲಿಕೆ ಇದೆ ಎಂಬುದನ್ನು. ಸಯಾಮೀಸ್ ಹುಟ್ಟಿದ್ದೇ ಥಾಯ್ಲೆಂಡಿನ ಊರಬೆಕ್ಕುಗಳಿಂದ, ಹೋಲಿಕೆ ಇದ್ದ ಮಾತ್ರಕ್ಕೆ ಅಜ್ಜ ಸಯಾಮೀಸ್ ಎನ್ನಲಾಗದು.

ಚುಕ್ಕೆಯೂ ಬೆಂಗಾಲ್ ತಳಿಗೆ ಸಾಕ್ಷಿಯಲ್ಲ, ಮುರಿದ ಪಟ್ಟೆಗಳೇ ಹಾಗೆ ಕಾಣುತ್ತವೆ. ಆದರೆ ಉದ್ದ ಕಾಲು, ಗಿಡ್ಡ ಬಾಲದ ತುದಿಯಲ್ಲಿ ಕಪ್ಪು ಬಳೆ, ಕಿವಿಯ ತುದಿಯಲ್ಲಿ ಕಪ್ಪು ಕೂದಲು ಇರುವ ಪ್ರಾಣಿ ಗದ್ದೆ ಬಯಲಿನಲ್ಲಿ ಸಿಕ್ಕರೆ ಅದು ಕಾಡುಬೆಕ್ಕು ಇರಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಸಾಕುವಂತಿಲ್ಲ. ಮರಿಯಾದರೂ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಬೇಕು, ತಾಯಿ ಹತ್ತಿರದಲ್ಲೇ ಇರುತ್ತದೆ.