ಪಾಟಿ, ಕಡತ, ಟ್ಯಾಬ್: ಹಾವೇರಿ ಸೀಮೆಯ ತರಗತಿಯ ಇನ್ನೂರು ವರ್ಷ

ಹಾವೇರಿ ಸೀಮೆಯಲ್ಲಿ ಸ್ಲೇಟಿಗೆ ಪಾಟಿ ಅನ್ನುತ್ತಾರೆ. ಮೊದಲ ದಿನ ಶಾಲೆಗೆ ಹೊರಟ ಮಗುವಿನ ಹೆಗಲಿಗೆ ಬೀಳುವುದು ಪಾಟಿಚೀಲ. ಈಗ ಆ ಚೀಲದೊಳಗೆ ಪಾಟಿ ಇರುವುದು ಅಪರೂಪ, ಹೆಸರು ಮಾತ್ರ ಉಳಿದಿದೆ. ಟ್ಯಾಬ್ಲೆಟ್ ಅನ್ನುವ ಇಂಗ್ಲಿಷ್ ಮಾತೂ ಹೀಗೆ ಹಳೆಯದೇ. ಬರೆಯುವ ಸಣ್ಣ ಹಲಗೆ ಎಂಬುದು ಅದರ ಹಿಂದಿನ ಅರ್ಥ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕುಗಳ ಪ್ರಾಥಮಿಕ ಶಾಲೆಗಳಲ್ಲಿ ಶಿಕ್ಷಕರು ಚುಟುಕಾಗಿ ‘ಟ್ಯಾಬ್’ ಎಂದು ಕರೆಯುವ ಈ ಗಾಜಿನ ಹಲಗೆಯನ್ನು ಕೆಲವರು ಶಿಕ್ಷಣದ ಉದ್ಧಾರ ಎನ್ನುತ್ತಾರೆ, ಕೆಲವರು ಮಕ್ಕಳ ಕಣ್ಣಿಗೂ ಮನಸ್ಸಿಗೂ ಬಂದ ಕೇಡು ಎನ್ನುತ್ತಾರೆ. ಹಳೆಯ ಮುಂಬೈ ಪ್ರಾಂತದ ಕನ್ನಡ ಶಾಲೆಗಳ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಈ ಎರಡು ಮಾತುಗಳಿಗಿಂತ ಬೇರೆ ಪ್ರಶ್ನೆ ಮುಖ್ಯವೆನಿಸಿದೆ. ಈ ನೆಲದ ತರಗತಿಗೆ ಹಿಂದೆ ಬಂದುಹೋದ ಸಾಧನಗಳಲ್ಲಿ ಯಾವುದು ಉಳಿಯಿತು, ಯಾವುದು ಉಳಿಯಲಿಲ್ಲ, ಏಕೆ?

ರಾಣೆಬೆನ್ನೂರು ತಾಲ್ಲೂಕಿನ ಮೂಡಣ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತದೆ. ಬ್ರಿಟಿಷರ ಕಾಲದಲ್ಲಿ ಈ ದಡ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆ, ಆಚೆಯ ಹರಪನಹಳ್ಳಿ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ, ತುಸು ದಕ್ಷಿಣಕ್ಕೆ ಹರಿಹರ ಮೈಸೂರು ಸಂಸ್ಥಾನ. ಸರ್ಕಾರ ಮೂರಾದರೂ ಊರಿನ ಮಠದಲ್ಲೋ ಗುಡಿಯ ಜಗಲಿಯಲ್ಲೋ ಐಗಳು ಕಲಿಸುತ್ತಿದ್ದ ರೀತಿಯಲ್ಲಿ ದೊಡ್ಡ ವ್ಯತ್ಯಾಸ ಇದ್ದಿರಲಾರದು. ಆ ರೀತಿಯ ಒಂದು ನಿಖರವಾದ ಚಿತ್ರ ಬಳ್ಳಾರಿ ಕಡೆಯಿಂದ ಸಿಗುತ್ತದೆ. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಕಲೆಕ್ಟರರಿಂದ ದೇಶೀ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಕಳಿಸಿದ ವರದಿಯಲ್ಲಿ ಲೆಕ್ಕದ ಜೊತೆಗೆ ತರಗತಿಯ ಒಳಗಿನ ವಿವರವೂ ಇದೆ.

ಮಗು ಮೊದಲು ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುತ್ತದೆ. ಕೈ ಕುದುರಿದ ಮೇಲೆ ಹಲಗೆ ಅಥವಾ ಕಡತ ಹಿಡಿಯುತ್ತದೆ. ಹಲಗೆ ಎಂದರೆ ಸುಮಾರು ಒಂದು ಅಡಿ ಅಗಲ, ಮೂರು ಅಡಿ ಉದ್ದದ ಮರದ ತುಂಡು. ನಯವಾಗಿ ಹೆರೆದು ಅನ್ನದ ಅಂಟು ಮತ್ತು ಇದ್ದಿಲ ಪುಡಿ ಬಳಿದರೆ ಸಿದ್ಧ. ಕಡತ ಎಂದರೆ ಗಂಜಿ ಹಾಕಿ ಬಿಗಿಗೊಳಿಸಿ, ಪುಸ್ತಕದಂತೆ ಮಡಚಿ, ಇದ್ದಿಲು ಮತ್ತು ಅಂಟಿನ ಲೇಪ ಕೊಟ್ಟ ಬಟ್ಟೆ. ಎರಡರ ಮೇಲೂ ಬಳಪದಿಂದ ಬರೆಯಬಹುದು, ಒದ್ದೆ ಬಟ್ಟೆಯಿಂದ ಅಳಿಸಬಹುದು. ಇವು ಸ್ಲೇಟಿನ ಕೆಲಸವನ್ನೇ ಮಾಡುತ್ತವೆ ಎಂದು ಕ್ಯಾಂಪ್‌ಬೆಲ್ ಬರೆಯುತ್ತಾನೆ. ಮುಂದಿರುವ ಹುಡುಗರು ಹಿಂದಿರುವವರಿಗೆ ಕಲಿಸುವ ಪದ್ಧತಿಯನ್ನು ಅವನು ಮೆಚ್ಚುತ್ತಾನೆ. ಇಂಗ್ಲೆಂಡು ಅದನ್ನು ಅನುಕರಿಸಿದ್ದು ಯೋಗ್ಯವೇ ಎಂದೂ ಸೇರಿಸುತ್ತಾನೆ. ಅವನ ಸೂಚನೆ ಆಂಡ್ರ್ಯೂ ಬೆಲ್ ಕಡೆಗೆ. ಬೆಲ್ ಮದರಾಸಿನ ಅನಾಥಾಲಯದಲ್ಲಿದ್ದಾಗ ಮಲಬಾರಿನ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನ ಶಾಲೆಗೆ ತಂದ. 1797ರಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದ. ಮರಳಿನ ತಟ್ಟೆ ಮತ್ತು ಮಕ್ಕಳೇ ಮಕ್ಕಳಿಗೆ ಕಲಿಸುವ ಕ್ರಮ ‘ಮದರಾಸು ಪದ್ಧತಿ’ ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳನ್ನು ಸೇರಿತು.

ಇದನ್ನು ಓದಿ ನಮ್ಮ ಪೂರ್ವಿಕರ ಗುರುಕುಲ ಎಷ್ಟು ಚೆಂದ ಎಂದು ಬೀಗುವ ಹಾಗಿಲ್ಲ. ಅದೇ ವರದಿಯ ಪ್ರಕಾರ 9,27,857 ಜನರಿದ್ದ ಜಿಲ್ಲೆಯಲ್ಲಿ ಶಾಲೆಗಳು 533, ಕಲಿಯುವವರು 6,641. ಅಂದರೆ ಸಾವಿರಕ್ಕೆ ಎಂಟು ಜನವೂ ಇಲ್ಲ. ಮಕ್ಕಳು ಕಂಠಪಾಠ ಮಾಡುವ ಪದ್ಯಗಳ ಅರ್ಥ ಗಿಳಿಗೆ ಗೊತ್ತಿರುವಷ್ಟೇ ಅವರಿಗೂ ಗೊತ್ತು ಎಂಬ ಕಟು ಮಾತೂ ಅಲ್ಲಿದೆ. ಸಾಧನ ಚೆನ್ನಾಗಿತ್ತು, ಅದು ಯಾರ ಕೈಗೆ ಸಿಗುತ್ತಿತ್ತು, ಅದರ ಮೇಲೆ ಏನು ಬರೆಸುತ್ತಿದ್ದರು ಎಂಬುದು ಬೇರೆ ಮಾತು. ಟ್ಯಾಬಿನ ವಿಷಯದಲ್ಲೂ ಈ ಮೂರನ್ನು ಬಿಡಿಬಿಡಿಯಾಗಿಯೇ ಕೇಳಬೇಕು.

ನದಿಯ ಈಚೆಗೆ ಬಂದರೆ, ಧಾರವಾಡ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಮೊದಲ ತಕರಾರು ಸಾಧನದ್ದಲ್ಲ, ಭಾಷೆಯದು. ಮರಾಠಿಯಲ್ಲಿ ನಡೆಯುತ್ತಿದ್ದ ಶಾಲೆಗಳನ್ನು ಕನ್ನಡಕ್ಕೆ ತರಲು ಶಿಕ್ಷಣಾಧಿಕಾರಿ ರಸೆಲ್ ಮತ್ತು ಡೆಪ್ಯುಟಿ ಚನ್ನಬಸಪ್ಪನವರು ಹೆಣಗಿದರು. ಧಾರವಾಡದ ನಾರ್ಮಲ್ ಸ್ಕೂಲಿನಲ್ಲಿ ಕನ್ನಡ ಮಾಸ್ತರರನ್ನು ತಯಾರು ಮಾಡಿದರು. ಶಾಲೆ ಎಂದರೆ ಕಟ್ಟಡಕ್ಕಿಂತ ಮೊದಲು ತರಬೇತಾದ ಮಾಸ್ತರ ಎಂಬ ತಿಳಿವಳಿಕೆ ಅಲ್ಲಿ ಕಾಣುತ್ತದೆ. ಹಾವೇರಿ ಕಡೆಯ ಗಳಗನಾಥರೂ ಶಾಲಾ ಮಾಸ್ತರರಾಗಿದ್ದವರೇ. ಮುಂದೆ ಕಾದಂಬರಿಕಾರರಾಗಿ, ತಮ್ಮ ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಓದುಗರನ್ನು ಹುಟ್ಟಿಸಿದರು ಎಂದು ಈ ಭಾಗದಲ್ಲಿ ಈಗಲೂ ಹೇಳುತ್ತಾರೆ. ಅಚ್ಚಾದ ಪುಸ್ತಕ ಆ ಕಾಲದ ಹೊಸ ಸಾಧನ. ಅದು ಹಳ್ಳಿಗೆ ತಲುಪಲು ಅದರ ಜೊತೆ ಒಬ್ಬ ಮನುಷ್ಯ ನಡೆಯಬೇಕಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಬೇರೊಂದು ಜಾತಿಯ ಸಾಧನ ಬಂತು. ಅದು ಮಗುವಿನ ಕೈಗೆ ಸಿಗುವಂಥದ್ದಲ್ಲ, ದೂರದಿಂದ ಮಾತಾಡುವಂಥದ್ದು. ಧಾರವಾಡ ಆಕಾಶವಾಣಿ 1950ರಲ್ಲಿ ಆರಂಭವಾಯಿತು. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಎಂಬ ಉಪಗ್ರಹ ಟೀವಿ ಪ್ರಯೋಗ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ಒಯ್ದಿತು. ಕರ್ನಾಟಕದಲ್ಲಿ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಅದರಲ್ಲಿದ್ದವು. ಬೆಳಗಿನ ಹೊತ್ತು ಶಾಲಾ ಮಕ್ಕಳಿಗೆಂದೇ ಕಾರ್ಯಕ್ರಮ. ವರ್ಷ ಮುಗಿಯಿತು, ಅಮೆರಿಕದ ಆ ಉಪಗ್ರಹ ಬೇರೆಡೆಗೆ ಹೋಯಿತು. 2004ರಲ್ಲಿ ಶಿಕ್ಷಣಕ್ಕೆಂದೇ ಹಾರಿಸಿದ ಎಜುಸ್ಯಾಟ್ ಬಂದಾಗ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳ ಮೇಲೆ ಡಿಶ್‌ಗಳು ಎದ್ದವು. ‘ಕೇಳಿ ಕಲಿ’, ‘ಚಿನ್ನರ ಚುಕ್ಕಿ’, ‘ಚುಕ್ಕಿ ಚಿನ್ನ’ ಎಂಬ ರೇಡಿಯೊ ಪಾಠಗಳು ಈಗ ಇಪ್ಪತ್ತೈದು ಮೂವತ್ತರ ವಯಸ್ಸಿನಲ್ಲಿರುವ ನಮ್ಮಂಥ ಎಷ್ಟೋ ಜನರ ಬಾಲ್ಯದ ಭಾಗ. ಅವುಗಳಲ್ಲಿ ಒಳ್ಳೆಯ ಹಾಡುಗಳಿದ್ದವು, ಕಥೆಗಳಿದ್ದವು. ಆದರೆ ಮಗು ತಪ್ಪು ಹೇಳಿದರೆ ರೇಡಿಯೊಗೆ ಕೇಳಿಸುತ್ತಿರಲಿಲ್ಲ.

ಕಂಪ್ಯೂಟರ್ ಈ ಕೊರತೆ ತುಂಬಬಹುದು ಎಂಬ ನಿರೀಕ್ಷೆ ಹುಟ್ಟಿದ್ದು ಈ ಶತಮಾನದ ಆರಂಭದಲ್ಲಿ. 2001ರಲ್ಲಿ ಬೆಂಗಳೂರಿನ ವಿಜ್ಞಾನಿಗಳು ಸಿಂಪ್ಯೂಟರ್ ಎಂಬ ಅಂಗೈ ಅಳತೆಯ ಯಂತ್ರ ಮಾಡಿದರು. ಪರದೆಯ ಮೇಲೆ ಕಡ್ಡಿಯಿಂದ ಮುಟ್ಟಿ ಬಳಸುವಂಥದ್ದು, ಕನ್ನಡವೂ ಬರುತ್ತಿತ್ತು. ಐಪ್ಯಾಡಿಗಿಂತ ಒಂಬತ್ತು ವರ್ಷ ಮೊದಲೇ ಹುಟ್ಟಿದ ಅದು ಜನರ ಕೈಗೆ ಹೆಚ್ಚು ತಲುಪಲಿಲ್ಲ. ಅದೇ ಹೊತ್ತಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಆಧಾರಿತ ಕಲಿಕೆಯನ್ನು ದೊಡ್ಡ ಮಟ್ಟದಲ್ಲಿ ಕೈಗೊಂಡಿತು, ಕನ್ನಡದಲ್ಲಿ ಸಿ.ಡಿ.ಗಳನ್ನು ಮಾಡಿತು. ಹಲವು ವರ್ಷಗಳ ಅನುಭವದ ನಂತರ, ತಂತ್ರಜ್ಞಾನ ಹೆಚ್ಚೆಂದರೆ ಪೂರಕ, ಶಿಕ್ಷಕರ ಜಾಗವನ್ನು ಅದು ತುಂಬಲಾರದು ಎಂಬ ನಿಲುವಿಗೆ ಬಂತು. ಸಂಸ್ಥೆಯ ಅನುರಾಗ್ ಬೆಹರ್ 2010ರಲ್ಲಿ ಇದನ್ನು ಪತ್ರಿಕೆಯಲ್ಲಿ ಬಹಿರಂಗವಾಗಿಯೇ ಬರೆದರು.

ಇವೆಲ್ಲದರ ನಡುವೆ ಹೆಚ್ಚು ಸದ್ದು ಮಾಡದೆ ಉಳಿದುಕೊಂಡದ್ದು ರಟ್ಟಿನ ಕಾರ್ಡು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಋಷಿ ವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಪ್ರೇರಣೆ ಪಡೆದು, ಶಿಕ್ಷಕರೇ ಸೇರಿ ಕಟ್ಟಿದ ನಲಿ–ಕಲಿ 2009ರಲ್ಲಿ ರಾಜ್ಯದ ಕನ್ನಡ ಸರ್ಕಾರಿ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗೆ ಬಂತು, ಮರುವರ್ಷ ಮೂರನೆಯ ತರಗತಿಗೆ. ಅದರ ಕಲಿಕಾ ಏಣಿಯನ್ನು ನೋಡಿದರೆ ಇಂದಿನ ಆ್ಯಪ್‌ಗಳ ‘ಲೆವೆಲ್’ ನೆನಪಾಗುತ್ತದೆ. ಪ್ರತಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ಮಕ್ಕಳು ಐದು ತಟ್ಟೆಗಳಲ್ಲಿ ಹಂಚಿ ಕೂರುತ್ತಾರೆ. ಒಂದು ತಟ್ಟೆಗೆ ಶಿಕ್ಷಕರ ಪೂರ್ಣ ನೆರವು, ಇನ್ನೊಂದಕ್ಕೆ ಭಾಗಶಃ, ಮುಂದಿನವಕ್ಕೆ ಗೆಳೆಯರ ನೆರವು, ಕೊನೆಯದು ಸ್ವಕಲಿಕೆ. ಕ್ಯಾಂಪ್‌ಬೆಲ್ ಕಂಡ, ಮಕ್ಕಳೇ ಮಕ್ಕಳಿಗೆ ಕಲಿಸುವ ಕ್ರಮ ಇಲ್ಲಿ ಹೊಸ ರೂಪದಲ್ಲಿದೆ.

ನಲಿ–ಕಲಿಯ ಅಕ್ಷರ ಕ್ರಮವೂ ಬೇರೆ. ಅಲ್ಲಿ ಮಗು ಅ, ಆ, ಇ, ಈ ಎಂದು ಆರಂಭಿಸುವುದಿಲ್ಲ. ರ, ಗ, ಸ, ದ, ಅ ಎಂದು ಆರಂಭಿಸುತ್ತದೆ. ಆ ಐದೇ ಅಕ್ಷರ ಬಂದರೆ ಸರ, ದರ, ಅರಸ, ಅಗಸ, ಗರಗಸ ಓದಬಹುದು. ಆಮೇಲೆ ಜ, ವ, ಮ, ಬ, ನ. ಪೇಟೆಯಲ್ಲಿ ಸಿಗುವ ಕನ್ನಡ ಅಕ್ಷರಮಾಲೆಯ ಎಷ್ಟೋ ಆ್ಯಪ್‌ಗಳು ವರ್ಣಮಾಲೆಯ ಸಾಲನ್ನೇ ಹಿಡಿದು, ಅಕ್ಷರಕ್ಕೊಂದು ಬಣ್ಣದ ಚಿತ್ರ ತೋರಿಸಿ ಮುಂದೆ ಹೋಗುತ್ತವೆ. ಬೆಳಿಗ್ಗೆ ‘ಗರಗಸ’ ಓದಿ ಹಿಗ್ಗಿದ ಮಗುವಿಗೆ ಮಧ್ಯಾಹ್ನ ಟ್ಯಾಬು ‘ಋ’ ತೋರಿಸಿದರೆ ಎರಡು ಶಾಲೆಗೆ ಹೋದಂತಾಗುತ್ತದೆ. ಮೂರು ತಾಲ್ಲೂಕುಗಳ ಶಾಲೆಗಳಲ್ಲಿ ನಾನು ಶಿಕ್ಷಕರಿಂದ ಕೇಳಿದ ದೂರುಗಳಲ್ಲಿ ನೆಟ್‌ವರ್ಕಿನಷ್ಟೇ ಇದೂ ಇತ್ತು.

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ಈ ಚರ್ಚೆಯ ಸ್ವರೂಪ ಬದಲಾಯಿತು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಮೂಲಕ ‘ದೀಕ್ಷಾ’ ವೇದಿಕೆ, ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠ ಎಲ್ಲವೂ ಇದ್ದವು. ಆಗಸ್ಟ್‌ನಲ್ಲಿ ಬಂದ ‘ವಿದ್ಯಾಗಮ’ ಯೋಜನೆ ಮಕ್ಕಳನ್ನು ಮೂರು ಗುಂಪು ಮಾಡಿತು: ಮನೆಯಲ್ಲಿ ಫೋನೇ ಇಲ್ಲದವರು, ಸಾದಾ ಫೋನ್ ಇರುವವರು, ಇಂಟರ್ನೆಟ್ ಸಹಿತ ಸ್ಮಾರ್ಟ್‌ಫೋನ್ ಇರುವವರು. ಮಕ್ಕಳನ್ನು ತರಗತಿಯಿಂದಲ್ಲ, ಮನೆಯ ಯಂತ್ರದಿಂದ ವಿಂಗಡಿಸಿದ ಇಂಥ ಲೆಕ್ಕ ನಾನು ಓದಿದ ಹಳೆಯ ದಾಖಲೆಗಳಲ್ಲಿ ಎಲ್ಲೂ ಇಲ್ಲ. ಆದರೆ ಆ ಲೆಕ್ಕ ಪ್ರಾಮಾಣಿಕವಾಗಿತ್ತು. ಯಾರ ಕೈಯಲ್ಲಿ ಏನಿದೆ ಎಂದು ಮೊದಲು ಕೇಳಿತು. ಅದರ ಜೀವಾಳವೂ ಯಂತ್ರವಾಗಿರಲಿಲ್ಲ. ಗುಡಿಯ ಕಟ್ಟೆಗೆ, ಸಮುದಾಯ ಭವನಕ್ಕೆ ಶಿಕ್ಷಕರೇ ನಡೆದು ಹೋಗಿ ಕಲಿಸುತ್ತಿದ್ದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ಒಂದರಿಂದ ಐದನೆಯ ತರಗತಿಯ ಮಕ್ಕಳು ಮತ್ತೆ ಶಾಲೆಗೆ ಬಂದದ್ದು 2021ರ ಅಕ್ಟೋಬರ್ 25ಕ್ಕೆ.

ಬ್ಯಾಡಗಿಯಲ್ಲಿ ಈ ಅಂತರ ಇನ್ನೂ ಸ್ಪಷ್ಟ. ಅಲ್ಲಿನ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ವ್ಯಾಪಾರ ಇ–ಟೆಂಡರ್ ಮೂಲಕ ನಡೆಯುತ್ತದೆ. ಚೀಲದ ದರ ಪರದೆಯ ಮೇಲೆ ತೀರ್ಮಾನವಾಗುತ್ತದೆ. ಅದೇ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಮನೆಯಲ್ಲಿ ಇರುವ ಒಂದು ಫೋನು ದುಡಿಯುವವರ ಜೊತೆ ಹೊರಗೆ ಹೋಗುತ್ತದೆ, ರಾತ್ರಿ ಚಾರ್ಜ್ ಇಳಿದು ಮರಳುತ್ತದೆ. ಎರಡನೆಯ ತರಗತಿಯ ಮಗುವಿಗೆ ಆಗ ಸಿಗುವುದು ನಿದ್ದೆಗಣ್ಣಿನ ಹತ್ತು ನಿಮಿಷ. ಒಂದನೆಯ ತರಗತಿಯ ಅರ್ಧಕ್ಕೆ ಮನೆಗೆ ಹೋದವರು ಮೂರನೆಯ ತರಗತಿಗೆ ಮರಳಿದಾಗ ಅಕ್ಷರವೇ ಮರೆತಿತ್ತು. 2022–23ರ ಇಡೀ ವರ್ಷವನ್ನು ಸರ್ಕಾರ ‘ಕಲಿಕಾ ಚೇತರಿಕೆ’ಗೆ ಮೀಸಲಿಡಬೇಕಾಯಿತು.

ಹಾಗಾದರೆ ಟ್ಯಾಬ್ ಬೇಡವೇ? ಬೇಕು ಅನ್ನುವುದಕ್ಕೆ ನನಗೆ ಕಾರಣಗಳು ಕಂಡಿವೆ. ರಾಣೆಬೆನ್ನೂರು ತಾಲ್ಲೂಕಿನ ಒಂದು ಶಾಲೆಯಲ್ಲಿ ಅಕ್ಕೋರು ಇದ್ದ ಒಂದೇ ಟ್ಯಾಬನ್ನು ಒಂದು ತಟ್ಟೆಯ ನಡುವೆ ಇಟ್ಟಿದ್ದರು. ನಾಲ್ಕು ಮಕ್ಕಳು, ಹತ್ತು ನಿಮಿಷ, ಆಮೇಲೆ ಪಾಳಿ ಬದಲು. ಉಳಿದವರು ಗೋಡೆಯ ಕೆಳಗಿನ ಕರಿಹಲಗೆಯಲ್ಲಿ ಬರೆಯುತ್ತಿದ್ದರು. ಆ್ಯಪ್ ಬರೀ ಗಣಿತದ್ದು, ಇಂಟರ್ನೆಟ್ ಇಲ್ಲದೆ ನಡೆಯುವಂಥದ್ದು. ಬೆಂಗಳೂರಿನ ಅಕ್ಷರ ಫೌಂಡೇಶನ್ ಉಚಿತವಾಗಿ ಕೊಡುವ ‘ಬಿಲ್ಡಿಂಗ್ ಬ್ಲಾಕ್ಸ್’ ಅಂಥದ್ದೊಂದು. ತಾಂಡಾದಿಂದ ಬರುವ, ಮನೆಯಲ್ಲಿ ಲಂಬಾಣಿ ಮಾತಾಡುವ ಹುಡುಗಿಯೊಬ್ಬಳು ಕೂಡುವ ಲೆಕ್ಕವನ್ನು ಮೂರು ಸಲ ತಪ್ಪು ಮಾಡಿದಳು. ನಾಲ್ಕನೆಯ ಸಲ ಪಕ್ಕದವಳು ಬೆರಳು ಹಿಡಿದು, “ಹಂಗಲ್ಲಬೇ, ಮೊದಲ ಬಿಡಿ ಕೂಡಸು” ಅಂದಳು. ಸರಿಯಾಯಿತು. ತಪ್ಪು ಮಾಡಿದ್ದಕ್ಕೆ ಯಾರೂ ಬೈಯಲಿಲ್ಲ. ಆ ಹತ್ತು ನಿಮಿಷ ಟ್ಯಾಬು ಪಾಟಿಯಾಗಿತ್ತು.

ಇನ್ನೊಂದು ತಾಲ್ಲೂಕಿನಲ್ಲಿ ನೋಡಿದ ಟ್ಯಾಬು ತಿಜೋರಿಯಲ್ಲಿತ್ತು. ಅದು ಡೆಡ್ ಸ್ಟಾಕ್ ರಜಿಸ್ಟರಿನಲ್ಲಿ ದಾಖಲಾದ ಸರಕು. ಒಡೆದರೆ ಉತ್ತರ ಕೊಡಬೇಕಾದವರು ಮುಖ್ಯಶಿಕ್ಷಕರು, ದುರಸ್ತಿಗೆ ಬೇರೆ ಹಣವಿಲ್ಲ. “ಮಕ್ಕಳ ಕೈಯಾಗ ಕೊಟ್ಟು ಒಡದ್ರ ಯಾರು ಕಟ್ಟಬೇಕ್ರಿ?” ಎಂದ ಅವರ ಪ್ರಶ್ನೆಯಲ್ಲಿ ಉದಾಸೀನ ಇರಲಿಲ್ಲ, ಲೆಕ್ಕವಿತ್ತು. ಕಡತದ ಲೇಪ ಸವೆದರೆ ಮನೆಯ ಇದ್ದಿಲು ಸಾಕಿತ್ತು. ಟ್ಯಾಬಿನ ಬ್ಯಾಟರಿ ಸತ್ತರೆ, ಹಳೆಯ ಆಂಡ್ರಾಯ್ಡಿಗೆ ಹೊಸ ಆ್ಯಪ್ ಕೂರದಿದ್ದರೆ ಊರಿನಲ್ಲಿ ಅದಕ್ಕೆ ಮದ್ದಿಲ್ಲ. ಕೊಳ್ಳುವ ದಿನದ ಹಣದಷ್ಟೇ, ಮುಂದಿನ ಐದು ವರ್ಷದ ದುರಸ್ತಿಯ ಹಣವೂ ಮಂಜೂರಾಗದ ಸಾಧನ ಮಗುವಿನ ಕೈಗೆ ಬರುವುದಿಲ್ಲ. ಬಂದರೂ ಶಿಕ್ಷಕರ ಕೈಯಲ್ಲೇ ಉಳಿದು, ಎಲ್ಲರೂ ದೂರದಿಂದ ನೋಡುವ ಟೀವಿಯಾಗುತ್ತದೆ.

ಪಾಟಿಗೂ ಟ್ಯಾಬಿಗೂ ಒಂದು ನಿಜವಾದ ವ್ಯತ್ಯಾಸವಿದೆ. ಪಾಟಿ ಮರೆಯುತ್ತದೆ, ಅಂಗಿಯ ತೋಳಿನಿಂದ ಒರೆಸಿದರೆ ತಪ್ಪು ಹೋಯಿತು. ಟ್ಯಾಬು ನೆನಪಿಟ್ಟುಕೊಳ್ಳಬಲ್ಲದು. ಮಗು ಎಲ್ಲಿ ಮೂರು ಸಲ ತಪ್ಪಿತು ಎಂಬ ನೆನಪು ಅಕ್ಕೋರಿಗೆ ಸಿಕ್ಕರೆ ಮರುದಿನದ ಪಾಠಕ್ಕೆ ನೆರವು. ಅದೇ ಅಂಕಿಯಾಗಿ ಶಾಲೆ ಶಾಲೆಗಳ ನಡುವಿನ ಸ್ಪರ್ಧೆಯ ಪಟ್ಟಿಗೆ ಹೋದರೆ, ಮಗು ತಪ್ಪು ಮಾಡಲು ಹೆದರುವುದನ್ನು ಕಲಿಯುತ್ತದೆ. ಈ ನೆನಪು ಯಾರ ಕಡೆಗೆ ಹರಿಯಬೇಕು ಎಂಬುದನ್ನು ಆ್ಯಪ್ ಮಾಡುವವರು ತೀರ್ಮಾನಿಸಬಾರದು, ತರಗತಿ ತೀರ್ಮಾನಿಸಬೇಕು.

ಅದಕ್ಕೆ ಶಿಕ್ಷಕರು ಬರೆಯಬೇಕು. ದಾಖಲೆಗಳ ನಡುವೆ ಕೂತಾಗ ನನ್ನನ್ನು ಕಾಡುವುದು ಇದೇ. ಕಲೆಕ್ಟರರ ವರದಿ ಸಿಗುತ್ತದೆ, ಕಡತದ ಮೇಲೆ ಕಲಿಸಿದ ಐಗಳ ಒಂದು ಮಾತೂ ಸಿಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ‘ಮಠಪತ್ರಿಕೆ’ಯಾಗಿ ಹುಟ್ಟಿ, ಹಲವು ಹೆಸರು ದಾಟಿ ‘ಜೀವನ ಶಿಕ್ಷಣ’ವಾದ ಶಿಕ್ಷಕರ ಮಾಸಪತ್ರಿಕೆ ಇದೇ ಕೊರತೆ ತುಂಬಲು ಇರುವ ಜಾಗ. ಯಾವ ಆ್ಯಪ್ ಯಾವ ಅಕ್ಷರದಲ್ಲಿ ಎಡವಿತು, ಒಂದು ಟ್ಯಾಬನ್ನು ಇಪ್ಪತ್ತು ಮಕ್ಕಳಿಗೆ ಹೇಗೆ ಹಂಚಿದೆವು, ಯಾವುದನ್ನು ಬಿಟ್ಟು ಪಾಟಿಗೇ ಮರಳಿದೆವು ಎಂದು ರಾಣೆಬೆನ್ನೂರಿನ ಆ ಅಕ್ಕೋರಂಥವರು ಎರಡೆರಡು ಪುಟ ಬರೆದರೂ ಸಾಕು. ಮುಂದಿನ ಖರೀದಿಯ ಪಟ್ಟಿ ತಯಾರಿಸುವವರ ಮೇಜಿನ ಮೇಲೆ ಆ ಪುಟಗಳು ಇರಬೇಕು.