ಸೀಸ ಹೋಯ್ತು, ಮೀಸೆ ಬಂತು!

ಸಾಫ್ಟ್‌ವೇರ್ ಬರೆಯುವ ನಮ್ಮಂಥವರಿಗೆ ಒಂದು ಅಭ್ಯಾಸ. ಯಂತ್ರ ಕೆಟ್ಟರೆ ಮೊದಲು ನಮ್ಮ ಕೋಡ್ ನೋಡ್ತೀವಿ, ಆಮೇಲೆ ಪಕ್ಕದವನ ಕೋಡ್ ನೋಡ್ತೀವಿ :) ಎಲ್ಲ ಕೋಡ್‌ಗಳ ಕೆಳಗೆ ಒಂದು ಹಸಿರು ಬೋರ್ಡ್ ಇದೆ, ಅದರ ಮೇಲೆ ನೂರಾರು ಬೆಸುಗೆಗಳಿವೆ ಅನ್ನೋದು ನೆನಪಾಗೋದು ಕೊನೆಗೆ. ಆ ಬೆಸುಗೆಯ ಇತಿಹಾಸ ಓದ್ತಾ ಹೋದ ಹಾಗೆ, ಯಾವ ಪತ್ತೇದಾರಿ ಕಾದಂಬರಿಗೂ ಇದು ಕಡಿಮೆಯಿಲ್ಲ ಅನ್ನಿಸ್ತು.

ಕಲಾಯಿ ಹಾಕುವವರನ್ನು ನೋಡಿದ್ದೀರಲ್ಲ? ಹಿತ್ತಾಳೆ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರ ಸವರುತ್ತಾರೆ. ನವಸಾಗರ ಲೋಹದ ಮೇಲಿನ ಕಿಲುಬನ್ನು ತೆಗೆದರೆ ಮಾತ್ರ ತವರ ಹಿಡಿಯುತ್ತೆ. ಸರ್ಕ್ಯೂಟ್ ಬೋರ್ಡ್‌ನಲ್ಲಿ ಫ್ಲಕ್ಸ್ ಮಾಡೋದೂ ಇದೇ ಕೆಲಸ. ಆದರೆ ಬೋರ್ಡಿನ ಬೆಸುಗೆಗೆ ಬರೀ ತವರ ಸಾಲದು. ತವರ ಕರಗೋದು 232 ಡಿಗ್ರಿ ಸೆಲ್ಸಿಯಸ್‌ಗೆ, ಸೀಸ 327ಕ್ಕೆ. 63 ಪಾಲು ತವರಕ್ಕೆ 37 ಪಾಲು ಸೀಸ ಬೆರೆಸಿ ನೋಡಿ, 183 ಡಿಗ್ರಿಗೇ ಕರಗುತ್ತೆ... ಎರಡಕ್ಕಿಂತಲೂ ಕಡಿಮೆ! ಅಗ್ಗ, ಮೆದು, ಹೊಳಪು. 1943ರಲ್ಲಿ ಪಾಲ್ ಐಸ್ಲರ್ ಮುದ್ರಿತ ಸರ್ಕ್ಯೂಟ್‌ಗೆ ಪೇಟೆಂಟ್ ಅರ್ಜಿ ಹಾಕಿದ. ಮುಂದೆ ಬೋರ್ಡನ್ನು ಕರಗಿದ ಬೆಸುಗೆಯ ಅಲೆಯ ಮೇಲೆ ಹಾಯಿಸುವ ಯಂತ್ರಗಳು ಬಂದವು. ಎಲ್ಲಾ ಕಡೆ ಇದೇ ಮಿಶ್ರಣ ನಿಂತುಬಿಟ್ಟಿತು.

ಸೀಸ ಇನ್ನೊಂದು ಕೆಲಸವನ್ನೂ ಸದ್ದಿಲ್ಲದೆ ಮಾಡ್ತಿತ್ತು. 1940ರ ದಶಕದಲ್ಲಿ ಅಮೆರಿಕದ ಬೆಲ್ ಸಂಸ್ಥೆಯ ದೂರವಾಣಿ ಉಪಕರಣಗಳು ಕಾರಣವಿಲ್ಲದೆ ಶಾರ್ಟ್ ಆಗತೊಡಗಿದವು. ಹುಡುಕಿದರೆ, ಕ್ಯಾಡ್ಮಿಯಂ ಲೇಪನದಿಂದ ಕೂದಲಿಗಿಂತ ತೆಳುವಾದ ಲೋಹದ ಎಳೆಗಳು ತಾವಾಗಿಯೇ ಬೆಳೆದಿದ್ದವು! ಹಾಗಾದ್ರೆ ತವರ ಬಳಸೋಣ ಅಂದ್ರೆ ಅದಕ್ಕೂ ಇದೇ ರೋಗ. ಲೇಪನದೊಳಗಿನ ಒತ್ತಡ ಲೋಹವನ್ನು ಎಳೆಯೆಳೆಯಾಗಿ ಹೊರಕ್ಕೆ ತಳ್ಳುತ್ತೆ, ಕೆಲವು ಮಿಲಿಮೀಟರ್ ಉದ್ದಕ್ಕೂ ಬೆಳೆಯುತ್ತೆ. ಇಂಗ್ಲಿಷಿನಲ್ಲಿ ವಿಸ್ಕರ್ ಅಂತಾರೆ, ನಾನು ತವರದ ಮೀಸೆ ಅಂತೀನಿ. 1950ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನವರೇ ಮದ್ದು ಕಂಡುಕೊಂಡರು. ತವರಕ್ಕೆ ಸ್ವಲ್ಪ ಸೀಸ ಬೆರೆಸಿದರೆ ಮೀಸೆ ಚಿಗುರೋದು ಬಹುಮಟ್ಟಿಗೆ ನಿಂತುಹೋಗುತ್ತೆ.

ಹಳೇ ಕೋಡಿನಲ್ಲಿ ಕಾಮೆಂಟ್ ಇಲ್ಲದ ಒಂದು ಸಾಲು ಇರುತ್ತಲ್ಲ, ಹಾಗೆ ಕೂತಿತ್ತು ಆ ಸೀಸ. ಯಾಕಿದೆ ಅಂತ ಹೆಚ್ಚಿನವರು ಕೇಳ್ತಿರಲಿಲ್ಲ. ಗೊತ್ತಿದ್ದವರಿಗೆ ಭಯ ಇತ್ತು.

ಭಯಕ್ಕೆ ಕಾರಣವೂ ಇತ್ತು. 1998ರ ಮೇ 19ರಂದು ಗ್ಯಾಲಕ್ಸಿ 4 ಅನ್ನೋ ಉಪಗ್ರಹ ಕೈಕೊಟ್ಟಿತು. ಅಮೆರಿಕದ ಹತ್ತು ಪೇಜರುಗಳಲ್ಲಿ ಎಂಟು ಮೂಕವಾದವು, ವೈದ್ಯರ ಪೇಜರುಗಳೂ ಸೇರಿ. ಅದರ ಮುಖ್ಯ ನಿಯಂತ್ರಣ ಕಂಪ್ಯೂಟರ್ ಕೆಟ್ಟದ್ದು ತವರದ ಮೀಸೆಯಿಂದ ಅಂತ ತಯಾರಕರು ತೀರ್ಮಾನಿಸಿದರು. 2005ರ ಏಪ್ರಿಲ್‌ನಲ್ಲಿ ಕನೆಕ್ಟಿಕಟ್‌ನ ಮಿಲ್‌ಸ್ಟೋನ್ ಅಣುಸ್ಥಾವರದ ಒಂದು ಘಟಕ ತಾನಾಗಿಯೇ ನಿಂತುಹೋಯ್ತು. ಕಾರಣ, ಒಂದು ಸರ್ಕ್ಯೂಟ್ ಕಾರ್ಡಿನ ಮೇಲೆ ಬೆಳೆದ ಒಂದು ಎಳೆ.

ಇದರ ಮರುವರ್ಷವೇ, 2006ರ ಜುಲೈ 1ರಂದು, ಯೂರೋಪಿನ ರೋಸ್ ನಿಯಮ ಜಾರಿಗೆ ಬಂತು. ಮಾರುಕಟ್ಟೆಗೆ ಬರುವ ಹೊಸ ಎಲೆಕ್ಟ್ರಾನಿಕ್ ಸಾಮಾನಿನಲ್ಲಿ ಸೀಸ 0.1%ಗಿಂತ ಹೆಚ್ಚಿರಕೂಡದು. ಸೇನೆ, ಬಾಹ್ಯಾಕಾಶದ ಉಪಕರಣಗಳು ಇದರ ವ್ಯಾಪ್ತಿಗೆ ಬರಲಿಲ್ಲ. ಉಳಿದವರು ತವರ, 3% ಬೆಳ್ಳಿ, 0.5% ತಾಮ್ರದ ಮಿಶ್ರಣಕ್ಕೆ ಬಂದರು. ಅದು ಕರಗೋದು 217 ಡಿಗ್ರಿಯ ಮೇಲೆ.

ಕಾರ್ಖಾನೆಗಳಲ್ಲಿ ತಲೆನೋವು ಶುರುವಾಗಿದ್ದು ಇಲ್ಲಿಂದ. ಓವನ್ ಬಿಸಿ ಹೆಚ್ಚಿಸಬೇಕಾಯ್ತು. ಆ ಬಿಸಿಗೆ ಚಿಪ್ ಒಳಗೆ ಸೇರಿದ್ದ ತೇವ ಆವಿಯಾಗಿ, ಪಾಪ್‌ಕಾರ್ನ್ ಥರ ಚಿಪ್ಪೇ ಸಿಡಿಯುವ ಅಪಾಯ ಹೆಚ್ಚಾಯ್ತು. ತವರ ಜಾಸ್ತಿ ಇದ್ದ ಹೊಸ ಬೆಸುಗೆ ತನ್ನನ್ನು ಕರಗಿಸುವ ಸ್ಟೀಲ್ ತೊಟ್ಟಿಯನ್ನೇ ಕೊರೆದು ತಿಂದಿತು! ಇನ್ನೊಂದು ಗೊಂದಲ ಕಣ್ಣಿನದು. ಹಳೇ ಬೆಸುಗೆ ಹೊಳೆಯುತ್ತಿತ್ತು, ಮಂಕಾಗಿದ್ದರೆ ಡ್ರೈ ಸೋಲ್ಡರ್ ಅನ್ನೋ ಅನುಮಾನ. ಹೊಸದು ಚೆನ್ನಾಗಿದ್ದರೂ ಮಂಕೇ. ಹೊಳಪು ನೋಡಿ ಪಾಸು ಮಾಡುತ್ತಿದ್ದವರು ಕಣ್ಣನ್ನೇ ಮತ್ತೆ ಪಳಗಿಸಬೇಕಾಯ್ತು.

ದೊಡ್ಡ ಪೆಟ್ಟು ಬಿದ್ದಿದ್ದು ಎಕ್ಸ್‌ಬಾಕ್ಸ್ 360ಕ್ಕೆ. ಕೆಂಪು ದೀಪ ಉರಿದು ಸಾಯುತ್ತಿದ್ದ ಈ ಪೆಟ್ಟಿಗೆಗಳ ವಾರಂಟಿಗೆಂದು 2007ರ ಜುಲೈಯಲ್ಲಿ ಮೈಕ್ರೋಸಾಫ್ಟ್ ನೂರು ಕೋಟಿ ಡಾಲರಿಗೂ ಹೆಚ್ಚು ತೆಗೆದಿಟ್ಟಿತು. ಎಲ್ಲರೂ ಸೀಸರಹಿತ ಬೆಸುಗೆಯನ್ನು ಬೈದರು. ಆದರೆ 2021ರಲ್ಲಿ ಕಂಪನಿಯವರೇ ಹೇಳಿದ್ದು ಬೇರೆ. ಮುರಿದದ್ದು ಮದರ್‌ಬೋರ್ಡಿನ ಬೆಸುಗೆಯಲ್ಲ, ಚಿಪ್ ಪ್ಯಾಕೇಜಿನ ಒಳಗಿನ ಸಂಪರ್ಕ. ಆನ್ ಮಾಡಿದಾಗ ಕಾದು, ಆಫ್ ಮಾಡಿದಾಗ ಆರಿ, ಹಿಗ್ಗಿ ಕುಗ್ಗಿ ಬಿರುಕು ಬಿಟ್ಟಿತ್ತು. ಹೊಸದಾಗಿ ಮನೆಗೆ ಬಂದವರ ಮೇಲೇ ಎಲ್ಲ ತಪ್ಪು ಹೊರಿಸೋದು ಎಲೆಕ್ಟ್ರಾನಿಕ್ಸಿನಲ್ಲೂ ಇದೆ ನೋಡಿ!

ಹಾಗಾದ್ರೆ ಸೀಸ ಇದ್ದಿದ್ರೇ ಚೆನ್ನಾಗಿತ್ತಾ? ಲೋಕದ ಸೀಸದ ಬಹುಪಾಲು ಹೋಗೋದು ಬ್ಯಾಟರಿಗೆ, ಬೆಸುಗೆಯದು ಚಿಲ್ಲರೆ ಪಾಲು, ಅನ್ನೋ ವಾದ ನಿಜವೇ. ಆದರೆ ಆ ಚಿಲ್ಲರೆ ಎಲ್ಲಿ ಹೋಗಿ ಬೀಳುತ್ತೆ? ಚೀನಾದ ಗುಯಿಯು ಊರಿನಲ್ಲಿ ಹಳೇ ಬೋರ್ಡುಗಳನ್ನು ಒಲೆಯ ಮೇಲೆ ಕಾಯಿಸಿ ಚಿಪ್ ಕೀಳ್ತಿದ್ದರು. 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಲ್ಲಿನ ಮಕ್ಕಳ ಒಂದು ಡೆಸಿಲೀಟರ್ ರಕ್ತದಲ್ಲಿ ಸರಾಸರಿ 15.3 ಮೈಕ್ರೋಗ್ರಾಂ ಸೀಸ ಸಿಕ್ಕಿತು. ಪಕ್ಕದೂರಿನ ಮಕ್ಕಳಲ್ಲಿ 9.9. ಭಾರತವೂ 2011ರ ಇ-ತ್ಯಾಜ್ಯ ನಿಯಮಗಳಲ್ಲಿ ಸೀಸಕ್ಕೆ ಮಿತಿ ಹಾಕಿತು.

ಆ ಮಕ್ಕಳ ಲೆಕ್ಕ ನೋಡಿದ ಮೇಲೆ, ಸೀಸ ತೆಗೆದದ್ದು ಸರಿ ಅಂತಲೇ ನನಗನ್ನಿಸೋದು. ಬೋರ್ಡ್ ಕೆಟ್ಟರೆ ವಾರಂಟಿ ಇದೆ, ಮಗುವಿನ ಮಿದುಳಿಗೆ ಇಲ್ಲ. ಆದರೆ ಒಂದು ಸಾಲು ಅಳಿಸುವ ಮುಂಚೆ ಅದು ಯಾಕಿತ್ತು ಅಂತ ತಿಳಿದವರನ್ನು ಕರೆದು ಕೂರಿಸಿ ಕೇಳಬೇಕು. ಮೀಸೆಯ ಕಥೆ ಬೆಲ್ ಲ್ಯಾಬ್ಸಿನ ಕಾಗದಗಳಲ್ಲಿ ಐವತ್ತು ವರ್ಷದಿಂದ ಇತ್ತಲ್ಲ...

ನೀವೇನಂತೀರಿ?